ಎಕ್ಸ್‌ಪಿ ಕಂಪ್ಯೂಟರಿಗೆ ಹೊಸ ಲೇಸರ್ ಪ್ರಿಂಟರ್ ಹೊಂದಿಸಿದ ಬಗೆ: ನನ್ನ ಅನುಭವ

ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿಗೆ ಈಗಿನ ಪ್ರಿಂಟರ್ ಕೂಡಿಬರುವುದೇ ಇಲ್ಲವೆಂದು ಶಿರಸಿಯ ಇಬ್ಬರು ರಿಪೇರಿಯವರೂ ಹುಬ್ಬಳ್ಳಿಯ ಅಂಗಡಿಯವರೂ ಖಡಾಖಂಡಿತವಾಗಿ ಹೇಳಿದ್ದರು. ಅದೇ ಕಂಪ್ಯೂಟರಿನಿಂದ ಕಳೆದ ಮದುವೆ ಸೀಸನ್ನಿನಲ್ಲಿ ಸುಮಾರು ಮುನ್ನೂರು ಲಗ್ನಪತ್ರಿಕೆಗಳ ಟ್ರೇಸಿಂಗ್ (ಅಚ್ಚು ಹಾಕಲು ಬೇಕಾಗುವ, ಅರೆಪಾರದರ್ಶಕ ಕಾಗದದ ಮೇಲಿನ ಮೂಲಪ್ರತಿ) ತೆಗೆದುಕೊಟ್ಟಿದ್ದೇನೆ. ಒಂದೂ ವಾಪಸ್ ಬಂದಿಲ್ಲ.

ಕಂಪ್ಯೂಟರನ್ನೇ ಬದಲಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಶೀರ್ಷಿಕೆಗಳಿಗೆ ನಾನು ಬಳಸುವ ಅಲಂಕಾರಿಕ ಅಕ್ಷರಗಳ ತಂತ್ರಾಂಶಕ್ಕೆ ಪ್ಯಾರಲಲ್ ಪೋರ್ಟಿಗೆ (ಹಳೆಯ ಕಂಪ್ಯೂಟರುಗಳ ಪ್ರಿಂಟರ್ ಕಿಂಡಿ) ಸಿಕ್ಕಿಸುವ ಲಾಕ್ ಇದೆ, ಆ ಲಾಕ್ ಇಲ್ಲದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ. ಹೊಸ ಯಂತ್ರಕ್ಕೆ ಹೋಗೋಣವೆಂದು ಆರುನೂರು ರೂಪಾಯಿ ಕೊಟ್ಟು ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ತಂದೆ. ಲಾಕ್ ಹುಡುಕುವುದು 378 ಎಂಬ ವಿಳಾಸದಲ್ಲಿರುವ ನಿಜವಾದ ಪೋರ್ಟನ್ನು, ಆದರೆ ಆ ಕೇಬಲ್ ಪ್ರಿಂಟರಿಗೆ ಮಾತ್ರ ದಾರಿ ಮಾಡಿಕೊಡುತ್ತದೆ. ಹಣ ಹೋಯಿತು. ಹೊಸ ಸಿಸ್ಟಮ್, ಹೊಸ ಲೈಸೆನ್ಸ್ ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಆಗುತ್ತಿತ್ತು; ಅಷ್ಟು ಖರ್ಚು ಮಾಡಿದರೂ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಮಾಡಿದ ಹದಿನೈದು ವರ್ಷದ ಕಡತಗಳು ಇದ್ದಂತೆಯೇ ತೆರೆಯುತ್ತವೆಂಬ ಭರವಸೆ ಯಾರೂ ಕೊಡಲಿಲ್ಲ.

ಹಳೆಯ ಪ್ರಿಂಟರಿನ ಫ್ಯೂಸರ್ (ಟೋನರನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ) ಕೈಕೊಟ್ಟಾಗ ಅವಸರದಲ್ಲಿ ಹನ್ನೆರಡು ಸಾವಿರದ ಒಂದು ಲೇಸರ್ ಪ್ರಿಂಟರ್ ಕೊಂಡದ್ದು ನನ್ನ ದೊಡ್ಡ ತಪ್ಪು. ಅದು ಪುಟವನ್ನು ಸಿದ್ಧಪಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರಿಗೇ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಬಿಡುವ ಜಾತಿಯದು, ಆ ಡ್ರೈವರ್ ಬಂದದ್ದು ವಿಂಡೋಸ್ 10 ಮತ್ತು 11ಕ್ಕೆ ಮಾತ್ರ. ಮಧ್ಯೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಎಕ್ಸ್‌ಪಿಯಿಂದ ಬಂದ ಪುಟವನ್ನು ಅದರಲ್ಲಿ ಪರಿವರ್ತಿಸಿ ಪ್ರಿಂಟರಿಗೆ ಕಳಿಸುವ ಪ್ರಯತ್ನವನ್ನೂ ಎರಡು ಭಾನುವಾರ ಮಾಡಿದೆ. ತಯಾರಕರ ಲಿನಕ್ಸ್ ಡ್ರೈವರ್ ಪೈಯ ಪ್ರೊಸೆಸರಿಗೆ ಇರಲಿಲ್ಲವಾದ್ದರಿಂದ ಅದೂ ಅಲ್ಲಿಗೇ ನಿಂತಿತು. ಕೊನೆಗೆ ಆ ಪ್ರಿಂಟರನ್ನು ಪರಿಚಯದ ಟ್ಯೂಷನ್ ಸರ್ ಒಬ್ಬರಿಗೆ ಎಂಟು ಸಾವಿರಕ್ಕೆ ಕೊಟ್ಟೆ.

ಎರಡನೆಯ ಸಲ ಡ್ರೈವರಿನ ವಿಚಾರ ಕೇಳಲೇ ಇಲ್ಲ. ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸಿ ಹೇಳುವ ಸಾಮಾನ್ಯ ಪ್ರಿಂಟರ್ ಭಾಷೆ) ತಾನಾಗಿ ಅರ್ಥವಾಗುತ್ತದೆಯೇ, ನೆಟ್‌ವರ್ಕ್ ಪೋರ್ಟ್ ಇದೆಯೇ ಎಂಬ ಎರಡೇ ಪ್ರಶ್ನೆ ಕೇಳಿದೆ. ಎರಡೂ ಇರುವುದು ಇಪ್ಪತ್ತನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಯುಎಸ್‌ಬಿಯ ಗೋಜಿಗೆ ಹೋಗದೆ ಪ್ರಿಂಟರಿಗೆ 192.168.1.50, ಕಂಪ್ಯೂಟರಿಗೆ 192.168.1.10 ಎಂದು ಸ್ಥಿರ ವಿಳಾಸ ಕೊಟ್ಟು ನೇರ ಕೇಬಲ್ ಎಳೆದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿರುವುದರಿಂದ ಈ ಯಂತ್ರಕ್ಕೆ ಇಂಟರ್ನೆಟ್ ಕೊಡುವುದೇ ಇಲ್ಲ. ಪ್ರಿಂಟರ್ ಸೇರಿಸುವಾಗ ಲೋಕಲ್ ಪ್ರಿಂಟರ್ ಎಂದೇ ಆರಿಸಿ, ತಾನಾಗಿ ಪತ್ತೆಹಚ್ಚುವ ಗುರುತನ್ನು ತೆಗೆದು, ಹೊಸದೊಂದು ಟಿಸಿಪಿ/ಐಪಿ ಪೋರ್ಟ್ ಮಾಡಿ, ಅದರ ಬಗೆಯನ್ನು ರಾ, ಪೋರ್ಟ್ ಸಂಖ್ಯೆಯನ್ನು 9100 ಎಂದು ಇಟ್ಟುಕೊಳ್ಳಬೇಕು. ಭಾಷೆ ಒಂದೇ ಆದ್ದರಿಂದ, ಡ್ರೈವರ್ ಎಕ್ಸ್‌ಪಿಯ ಒಳಗೇ ಇರುವ ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಮಾದರಿಗಳಲ್ಲೊಂದು. ಹನ್ನೊಂದು ಮಾದರಿಗಳನ್ನು ಪರೀಕ್ಷಿಸಿ ಆರಿಸಿದ ಆ ಹೆಸರನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಮೊದಲ ಪುಟ ಬಂತು, ಎರಡನೆಯದಕ್ಕೆ ಪ್ರಿಂಟರ್ ಆಫ್‌ಲೈನ್ ಎಂದಿತು. ಇಡೀ ಸಂಜೆ ಕೇಬಲ್ ಬದಲಿಸಿದ ಮೇಲೆ ತಿಳಿದದ್ದೇನೆಂದರೆ, ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಚೌಕದಲ್ಲಿ ಟಿಕ್ ಇತ್ತು; ಅದಿದ್ದರೆ ಎಕ್ಸ್‌ಪಿ ಪ್ರಿಂಟರಿನ ಸ್ಥಿತಿಯನ್ನು ವಿಚಾರಿಸಿ, ಸರಿಯಾದ ಉತ್ತರ ಸಿಗದಿದ್ದರೆ ಆಫ್‌ಲೈನ್ ಎನ್ನುತ್ತದೆ. ಟಿಕ್ ತೆಗೆದ ಮೇಲೆ ಆ ದೂರು ಮರುಕಳಿಸಲಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು ಕನ್ನಡ ಅಕ್ಷರಗಳಲ್ಲಿ. ಪ್ರಿಂಟರಿನ ಗುಣಗಳನ್ನು ವಿವರಿಸುವ ತಯಾರಕರ ಪಿಪಿಡಿ ಕಡತವನ್ನು ಪೇಜ್‌ಮೇಕರಿನ ಪಿಪಿಡಿ4 ಫೋಲ್ಡರಿಗೆ ಹಾಕಿ ಲಗ್ನಪತ್ರಿಕೆಯೊಂದನ್ನು ಮುದ್ರಿಸಿದರೆ, ಅಂಚಿನ ಬಳ್ಳಿ, ಗಣಪತಿ ಎಲ್ಲ ಸರಿಯಾಗಿದ್ದು, ವಧುವಿನ ಹೆಸರಿನಲ್ಲಿ ‘ನ’ ಇರಬೇಕಾದ ಕಡೆಯೆಲ್ಲ ಪೌಂಡ್ ಚಿಹ್ನೆ, ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಅಕ್ಷರ ಬಂದಿತ್ತು. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟಿನಲ್ಲಿ ಕನ್ನಡದ ತುಣುಕುಗಳು ಕುಳಿತಿರುವುದು ಆ ಸಂಕೇತಗಳ ಮೇಲೆಯೇ; ಫಾಂಟ್ ಜೊತೆಗೆ ಹೋಗದಿದ್ದುದರಿಂದ ಪ್ರಿಂಟರ್ ತನ್ನ ಅಕ್ಷರವನ್ನು ಹಾಕಿಕೊಂಡಿತ್ತು. ಪ್ರಿಂಟ್ ಕೊಡುವಾಗ ಆಪ್ಷನ್ಸ್‌ನಲ್ಲಿ ಫಾಂಟ್ ಡೌನ್‌ಲೋಡನ್ನು ಪೋಸ್ಟ್‌ಸ್ಕ್ರಿಪ್ಟ್ ಮತ್ತು ಟ್ರೂಟೈಪ್ ಎಂದು ಬದಲಿಸಿದ ಮೇಲೆ ಅರ್ಕಾವೊತ್ತು ಕೂಡ ತನ್ನ ಜಾಗದಲ್ಲಿ ಚೊಕ್ಕವಾಗಿ ಬಂತು. ಆ ಹಾಳೆಯನ್ನು ಈಗಲೂ ಮೇಜಿನ ಗಾಜಿನಡಿಯಲ್ಲಿ ಇಟ್ಟಿದ್ದೇನೆ.

ಹಳೆಯ ಡ್ರೈವರಿಗೆ ಹೊಸ ಪ್ರಿಂಟರಿನ ಕಾಗದದ ಬಗೆಗಳು ಗೊತ್ತಿರುವುದಿಲ್ಲ. ಹಾಗಾಗಿ ಟ್ರೇಸಿಂಗ್ ಹಾಕುವಾಗ ಕಾಗದದ ಬಗೆಯನ್ನು ಪ್ರಿಂಟರಿನ ಪ್ಯಾನೆಲ್ಲಿನಿಂದಲೇ ಆರಿಸುತ್ತೇನೆ. ಅದನ್ನು ಮರೆತ ದಿನಗಳಲ್ಲಿ ಟೋನರ್ ಬೆರಳಿಗೆ ಅಂಟಿ ಹತ್ತು ಹನ್ನೆರಡು ಹಾಳೆ ವ್ಯರ್ಥವಾಗಿವೆ. ಟ್ರೇಸಿಂಗನ್ನು ಕೈಯಿಂದ ಹಾಕುವ ಟ್ರೇಯಲ್ಲಿ ಒಂದೊಂದೇ ಕೊಡಬೇಕು, ಎರಡು ಒಟ್ಟಿಗೆ ಹೋದರೆ ಖಂಡಿತ ಸಿಕ್ಕಿಕೊಳ್ಳುತ್ತವೆ.