ಕೋಲಿಗೆ ಬಣ್ಣ ಬಳಿದು ಸಂಕ ತಂದೆವು: ಮಕ್ಕಳ ಗ್ರಾಮಸಭೆಯ ನನ್ನ ಅನುಭವ

"ಹ್ವಾಯ್, ಮಕ್ಳ್ ಹೇಳದ್ದೆಲ್ಲ ಬರ್ಕಂತ ಕೂಕಂಡ್ರೆ ಎಂತ ಆತ್ತ್?" ಎಂದು ನಮ್ಮ ಪಂಚಾಯತಿನ ಹಿರಿಯ ಸದಸ್ಯರೊಬ್ಬರು ಕೇಳಿದ್ದು ಮೂರು ಮಳೆಗಾಲದ ಹಿಂದೆ. ಆ ಮಕ್ಕಳಿಂದಲೇ ಬಂದ ಹೊಸ ಸಂಕದ (ಕಾಲುಸೇತುವೆಯ) ಸ್ಲ್ಯಾಬಿಗೆ ಬೆಳಿಗ್ಗೆ ಸಂಜೆ ನೀರು ಹಾಕಿಸಿದವರೂ ಅವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯ ಒಂದು ಪಂಚಾಯತಿನಲ್ಲಿ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೋಡಿಕೊಳ್ಳುವವಳು. ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯತಿನ ಮುಂದಿಡುವುದಕ್ಕೆ ಮಕ್ಕಳ ಗ್ರಾಮಸಭೆ ಕರೆಯುವ ಕ್ರಮವಿದೆ. 2006ರಿಂದ ಅದು ಸರ್ಕಾರದ ಆದೇಶದಲ್ಲೇ ಇದೆ. ನಮ್ಮ ಸೀಮೆಯಲ್ಲಂತೂ ತೊಂಬತ್ತರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆದಿತ್ತು. ತೊಂದರೆ ಇರುವುದು ಸಭೆ ಮುಗಿದ ಮೇಲೆ. ಬೇಡಿಕೆಗಳೆಲ್ಲ ನಡವಳಿ ಪುಸ್ತಕದಲ್ಲೇ ಮಲಗುತ್ತವೆ.

ಮೊದಲ ವರ್ಷ ಮಕ್ಕಳು ಬೇಡಿಕೆ ಬರೆದು ಹಾಕಲು ಶಾಲೆಗಳಲ್ಲಿ ಪೆಟ್ಟಿಗೆ ಇಟ್ಟೆ. ಇನ್ನೂರರ ಹತ್ತಿರ ಚೀಟಿ ಬಂತು. ಅರ್ಧಕ್ಕರ್ಧ ಒಂದೇ ವಾಕ್ಯ, ಒಂದೇ ಒಕ್ಕಣೆ. ಯಾರೋ ದೊಡ್ಡವರು ಹೇಳಿ ಬರೆಸಿದ್ದು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ಚೀಟಿಗಳನ್ನು ಮೊದಲೇ ಬಿಚ್ಚಿ ನೋಡದೆ ವೇದಿಕೆಯಲ್ಲಿ ಓದಲು ಕೊಟ್ಟಿದ್ದೆ. ಒಂದು ಚೀಟಿಯಲ್ಲಿ ಒಂದು ಮಗು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆದಿತ್ತು. ಓದುತ್ತಿದ್ದ ಶಿಕ್ಷಕಿ ಮೊದಲ ಸಾಲಿಗೇ ನಿಲ್ಲಿಸಿ, ಚೀಟಿ ಮಡಚಿ ನನ್ನ ಕೈಗಿಟ್ಟರು. ಇನ್ನೊಂದು ಸಾಲು ಓದಿದ್ದರೆ ಊರಿಗೇ ತಿಳಿಯುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈಗ ಪೆಟ್ಟಿಗೆ ತೆರೆಯುವುದು ಇಬ್ಬರೇ, ಬಾಗಿಲು ಹಾಕಿಕೊಂಡು. ಅಂಥ ಚೀಟಿ ಬಂದರೆ ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ಸಭೆಗೆ ಅದರ ಸುಳಿವೂ ಇಲ್ಲ. ಪೆಟ್ಟಿಗೆ ಇಡುವವರು ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಎರಡನೇ ವರ್ಷ ಶಾಮಿಯಾನ, ಮೈಕು, ತಾಲೂಕಿನ ಅಧಿಕಾರಿಗಳು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 12ನೇ ವಿಧಿ, ಮಕ್ಕಳ ಮಾತಿಗೆ ಮನ್ನಣೆ, ಭಾರತ 1992ರಲ್ಲಿ ಒಪ್ಪಿದ್ದು, ಎಲ್ಲ ಬ್ಯಾನರಿನಲ್ಲಿತ್ತು. ಒಂಬತ್ತು ಸಾವಿರದಷ್ಟು ಖರ್ಚಾಯಿತು, ಅದರಲ್ಲಿ ಎರಡು ಸಾವಿರ ನನ್ನ ಕೈಯಿಂದ. ಸಭೆ ಮಾಡಿದ್ದು ಜನವರಿ ಕೊನೆಗೆ. ಪಂಚಾಯತಿನ ಮುಂದಿನ ವರ್ಷದ ಕೆಲಸಗಳ ಪಟ್ಟಿ, ಅಂದರೆ ಕ್ರಿಯಾಯೋಜನೆ, ಅಷ್ಟರೊಳಗೆ ಮುಗಿದಿತ್ತು. ಮಕ್ಕಳಿಗೆ ಸಿಕ್ಕಿದ್ದು ಶೇಂಗಾ ಚಿಕ್ಕಿ ಮತ್ತು ಒಂದು ಗುಂಪು ಫೋಟೋ.

ಮೂರನೇ ವರ್ಷ ಬೇಡಿಕೆ ಕೇಳುವುದನ್ನೇ ಬಿಟ್ಟೆ, ಅಳೆಯಲು ಹೇಳಿದೆ. ನಮ್ಮೂರ ತೋಡಿನಾಚೆ (ಹಳ್ಳದಾಚೆ) ಹದಿನಾಲ್ಕು ಮಕ್ಕಳ ಮನೆ. ಶಾಲೆಗೆ ಬರುವ ದಾರಿಯಲ್ಲಿ ಮೂರು ಅಡಿಕೆ ಮರ ಜೋಡಿಸಿ ಬಳ್ಳಿ ಬಿಗಿದ ಸಂಕ, ಹಿಡಿಯಲು ಒಂದೇ ಬದಿಗೆ ಬಿದಿರು. ಬೈಂದೂರು ಕಡೆ 2022ರ ಆಗಸ್ಟಿನಲ್ಲಿ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ತೀರಿಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೂ ಕೇಳಿದರೆ "ನಾವೂ ಹೀಗೇ ದಾಟಿದವರೇ" ಎನ್ನುವ ಮಾತು.

ನೀರಿನ ಮಟ್ಟ ಅಳೆಯಲು ಒಂದು ಗಳುವಿಗೆ (ಉದ್ದ ಕೋಲಿಗೆ) ಅಡಿಗೊಂದರಂತೆ ಕೆಂಪು ಪಟ್ಟೆ ಬಳಿದು ತೋಡಿನಲ್ಲಿ ಹುಗಿದೆವು. ಮೊದಲನೆಯದು ವಾರದೊಳಗೆ ಕೊಚ್ಚಿಹೋಯಿತು. ಎರಡನೆಯದನ್ನು ಕಲ್ಲು ಕಟ್ಟಿ ನಿಲ್ಲಿಸಿದವರು ಒಬ್ಬ ಹುಡುಗನ ಅಜ್ಜ. ಮಕ್ಕಳು ನೀರಿಗೆ ಇಳಿಯಬಾರದು, ದಡದಿಂದಲೇ ಪಟ್ಟೆ ಎಣಿಸಬೇಕು, ಜೊತೆಗೆ ದೊಡ್ಡವರೊಬ್ಬರು ಇರಬೇಕು ಎಂದು ಕಟ್ಟುನಿಟ್ಟು ಮಾಡಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಬರೆದರು. ಆಮೇಲೆ ಶಾಲೆಯ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಿದೆವು. ನೀರು ಮೂರನೇ ಪಟ್ಟೆ ದಾಟಿದ್ದು ಸುಮಾರು ಇಪ್ಪತ್ತು ದಿನ, ಆ ದಿನಗಳಲ್ಲಿ ಆಚೆ ದಡದ ಹತ್ತು ಹನ್ನೊಂದು ಮಕ್ಕಳು ಗೈರು. ಬಿಸಿಲಿನ ದಿನ ಗೈರು ಒಬ್ಬರೋ ಇಬ್ಬರೋ. ಟೇಪು, ಬಣ್ಣ, ಪುಸ್ತಕ ಸೇರಿ ಖರ್ಚು ಎಂಟುನೂರು ದಾಟಲಿಲ್ಲ.

ನಡುವೆ ಚಿಕ್ಕ ತರಗತಿಯವರಿಗೆ ಮನೆಯಿಂದ ಶಾಲೆಯ ದಾರಿ ಬಿಡಿಸಲು ಕೊಟ್ಟು ನೋಡಿದೆ. ಆಚೆ ದಡದವರು ಸಂಕ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಹನ್ನೊಂದರಲ್ಲಿ ಎಂಟು ಚಿತ್ರದಲ್ಲಿ ಬಸ್ ಸ್ಟ್ಯಾಂಡ್, ಅದರೊಳಗೆ ಕುಡಿದು ಮಲಗಿದವರು. ಅದು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಲ್ಲೊಂದು ದೀಪ ಹಾಕಿಸಿದ್ದೇವೆ, ಅಷ್ಟೇ. ಪೂರ್ತಿ ಸರಿಯಾಗಿಲ್ಲ.

ಈ ಸಲ ನವೆಂಬರಿನ ಮಕ್ಕಳ ಸಭೆಗೆ ಕಾಯಲಿಲ್ಲ. ಅಕ್ಟೋಬರಿನ ವಾರ್ಡ್ ಸಭೆಗೇ ಪುಸ್ತಕ ಹಿಡಿದು ನಾಲ್ವರು ಮಕ್ಕಳು ಹೋದರು. ಏಳನೇ ತರಗತಿಯ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ತಿಂಗ್ಳಲ್ ಮಾಡಿ ಕೊಡ್ತ್ರಿ?" ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆ ವಾರ್ಡಿನ ಸದಸ್ಯೆಯೇ ಎದ್ದು ಪ್ರಸ್ತಾಪ ಬರೆಸಿದರು. ಆ ಸದಸ್ಯೆಯನ್ನು ಅಷ್ಟರ ಮಟ್ಟಿಗೆ ಹೇಗೆ ತಯಾರು ಮಾಡಿದ್ದೆ ಎಂಬುದು ನನ್ನಲ್ಲೇ ಇರಲಿ, ಮುಂದಿನ ವರ್ಷವೂ ಬೇಕು.

ದುಡ್ಡಿನ ಕಡೆ ಸಿಕ್ಕಿಬಿದ್ದೆವು. ಅಂದಾಜು ನಾಲ್ಕು ಲಕ್ಷದ ಹತ್ತಿರ. ಆಗಿನ ನರೇಗಾ (ಉದ್ಯೋಗ ಖಾತ್ರಿ) ಯೋಜನೆಯಲ್ಲಿ ಖರ್ಚಿನ ನೂರರಲ್ಲಿ ಕೂಲಿಗೆ ಅರವತ್ತು, ಸಾಮಗ್ರಿಗೆ ನಲವತ್ತು ಎಂಬ ಲೆಕ್ಕವಿತ್ತು. ಸಂಕವೋ ಬರೀ ಸಿಮೆಂಟು ಕಬ್ಬಿಣ. "ಆಗುವುದಿಲ್ಲ" ಎಂದು ಕಡತ ವಾಪಸು ಬಂತು. ಲೆಕ್ಕ ಇಡೀ ಪಂಚಾಯತಿನದು, ಒಂದೊಂದು ಕಾಮಗಾರಿಯದಲ್ಲ ಎಂದು ಪಂಚಾಯತಿನ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮುಂದೆ ಕೂತು ವಾದಿಸಿದೆ. ತೋಡಿನ ಹೂಳೆತ್ತುವುದು, ಇಂಗುಗುಂಡಿ, ತೋಟದ ಕೆಲಸಗಳನ್ನು ಅದೇ ವರ್ಷಕ್ಕೆ ಸೇರಿಸಿ ಕೂಲಿಯ ಪಾಲು ಏರಿಸಿದ ಮೇಲೆ ಕಡತ ದಾಟಿತು. ಉಳಿದ ಕೊರತೆ, ಐವತ್ತು ಸಾವಿರ ಇರಬೇಕು, ಪಂಚಾಯತಿನ ಸ್ವಂತ ಹಣದಿಂದ. ನಾನು ತಿಂಗಳಿಗೆರಡು ಸಲ ಠರಾವಿನ ನಂಬರು ಹಿಡಿದು ಹೋಗಿ ಕೇಳುತ್ತಿದ್ದೆ, ಅರ್ಜಿ ಕೊಡುತ್ತಿರಲಿಲ್ಲ.

ಮೇ ಕೊನೆಗೆ ಸಂಕ ಮುಗಿಯಿತು, ಎರಡೂ ಬದಿಗೆ ಹಿಡಿದು ನಡೆಯಲು ಕಬ್ಬಿಣದ ಕಂಬಿ. ಜೂನ್‌ನ ಮೊದಲ ದೊಡ್ಡ ಮಳೆಯ ದಿನ ಹಾಜರಿ ನೋಡಲು ಶಾಲೆಗೆ ಹೋದೆ. ಆಚೆ ದಡದವರು ಹದಿಮೂರು ಜನ ಬಂದಿದ್ದರು, ಒಬ್ಬನಿಗೆ ಜ್ವರ.

ಕೋಲನ್ನು ಕಿತ್ತು ಕೆಳಗಿನ ದೊಡ್ಡ ತೋಡಿನ ಸಂಕದ ಹತ್ತಿರ ಹುಗಿದಿದ್ದೇವೆ. ಪುಸ್ತಕ ಈಗ ಆರನೇ ತರಗತಿಯವರ ಕೈಯಲ್ಲಿದೆ.