ಸಂತೇಬೆನ್ನೂರು, ಸೂಳೆಕೆರೆ: ಒಂದು ದಿನದಲ್ಲಿ ನೋಡುವ ಕ್ರಮ

ಚನ್ನಗಿರಿ ಸೀಮೆಯನ್ನು ನೋಡಬಯಸುವವರು ನೀರಿನ ಜಾಡು ಹಿಡಿದು ಹೋಗಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಪಾಳೆಯಗಾರನ ಹೆಸರು ಉಳಿದಿರುವುದು ಕೊಳದಿಂದ, ಅಡಿಕೆ ತೋಟಗಳು ಉಳಿದಿರುವುದು ಕೆರೆ, ನಾಲೆ, ಕೊಳವೆಬಾವಿಗಳಿಂದ. ದಾವಣಗೆರೆಯಿಂದ ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಎಲ್ಲವನ್ನೂ ನಿಧಾನವಾಗಿ ನೋಡಬಹುದು. ಬಸ್ಸುಗಳಿವೆಯಾದರೂ, ತೋಟದ ಹಾದಿಗೂ ಕೆರೆಯ ಏರಿಗೂ ಹೋಗಬೇಕಾದ್ದರಿಂದ ಸ್ವಂತ ವಾಹನವಿದ್ದರೆ ಅನುಕೂಲ.

ಮೊದಲು ಸಂತೇಬೆನ್ನೂರಿಗೆ ಹೋಗಿ. ಊರಿನೊಳಗಿರುವ ಪುಷ್ಕರಣಿಯನ್ನು ಹದಿನಾರನೆಯ ಶತಮಾನದಲ್ಲಿ ಇಲ್ಲಿನ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದನು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಕಣ್ಣೂ ನೀರಿನ ನಡುವೆ ನಿಂತ ವಸಂತ ಮಂಟಪದ ಮೇಲೆ ನೆಡುತ್ತದೆ. ಆದರೆ ಅದನ್ನೊಂದು ಕ್ಷಣ ಬಿಟ್ಟು ಮೊದಲು ಮೆಟ್ಟಿಲುಗಳನ್ನು ನೋಡಿ. ನಾಲ್ಕೂ ಕಡೆ ಸಾಲಾಗಿ ಇಳಿಯುವ ಕಲ್ಲಿನ ಸೋಪಾನಗಳು, ದಡದ ಚಿಕ್ಕ ಮಂಟಪಗಳು, ಅವುಗಳ ನೆರಳು ನೀರಿನಲ್ಲಿ ಬೀಳುವ ರೀತಿ, ಇವೆಲ್ಲವನ್ನೂ ಒಂದು ಸುತ್ತು ಬಂದ ಮೇಲೆ ನಡುವಿನ ಮಂಟಪ ಅಲ್ಲೇ ಏಕೆ ನಿಂತಿದೆಯೆಂಬುದು ತಾನಾಗಿ ತಿಳಿಯುತ್ತದೆ. ಬಿಸಿಲು ಏರುವ ಮುನ್ನ ಕಲ್ಲಿನ ಕೆತ್ತನೆ ಚೆನ್ನಾಗಿ ಕಾಣುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಮಳೆಗಾಲದಲ್ಲಿ ಪಾಚಿಗಟ್ಟಿದ ಕೆಳಗಿನ ಮೆಟ್ಟಿಲುಗಳಿಗೆ ಇಳಿಯಬಾರದು.

ಪುಷ್ಕರಣಿಯ ಎದುರಿಗಿರುವ ಮುಸಾಫಿರ್ ಖಾನವನ್ನು, ಎಂದರೆ ಪ್ರಯಾಣಿಕರ ತಂಗುದಾಣವನ್ನು, ಬಿಟ್ಟು ಬಂದರೆ ಊರಿನ ಅರ್ಧ ಚರಿತ್ರೆಯನ್ನೇ ಬಿಟ್ಟಂತೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಈ ಸೀಮೆಯನ್ನು ಗೆದ್ದುಕೊಂಡಿತು. ಈ ಕಟ್ಟಡ ಅವನ ಹೆಸರಿನೊಂದಿಗೆ ಸೇರಿಕೊಂಡಿದೆ. ನಾಯಕರ ಮನೆತನ ಮುಂದೆ ತರೀಕೆರೆಯಲ್ಲಿ ನೆಲೆ ನಿಂತಿತು. ಕೊಳ ಮಾತ್ರ ಎರಡೂ ಆಳ್ವಿಕೆಗಳನ್ನು ಕಂಡು ಇಲ್ಲಿಯೇ ಉಳಿದಿದೆ.

ಮಧ್ಯಾಹ್ನವನ್ನು ಅಡಿಕೆಗೆ ಮೀಸಲಿಡಿ. ಶ್ರಾವಣದ ನಂತರ ಸುಗ್ಗಿ ಶುರುವಾಗಿ ದೀಪಾವಳಿಯ ಆಚೆಗೂ ನಡೆಯುವುದರಿಂದ ಆ ತಿಂಗಳುಗಳಲ್ಲಿ ಬರುವವರಿಗೆ ಕೆಲಸವೆಲ್ಲ ಕಣ್ಣೆದುರಿಗೇ ಸಿಗುತ್ತದೆ. ಕೊನೆಗಾರರು ಮರದಿಂದ ಇಳಿಸಿದ ಹಸಿ ಅಡಿಕೆಯನ್ನು ಸುಲಿದು, ಅಡಿಕೆ ಬೇಯಿಸಿ ಉಳಿದ ಕೆಂಪು ರಸವಾದ ಚೊಗರನ್ನು ಬೆರೆಸಿದ ನೀರಿನಲ್ಲಿ ಬೇಯಿಸಿ, ಬಿಸಿಲಿನಲ್ಲಿ ಹರಡಿ ಒಣಗಿಸಿದಾಗ ಪೇಟೆಗೆ ಹೋಗುವ ‘ರಾಶಿ ಇಡಿ’ ಎಂಬ ಬಗೆಯ ಕೆಂಪಡಿಕೆ ಸಿದ್ಧವಾಗುತ್ತದೆ. ಅನೇಕ ತೋಟಗಳ ಫಸಲನ್ನು ಖೇಣಿದಾರರು ಮರದ ಮೇಲಿರುವಾಗಲೇ ಕೊಂಡಿರುತ್ತಾರೆ. ಹಾಗಾಗಿ ತೋಟಕ್ಕೆ ಯಜಮಾನರನ್ನೂ, ಬೇಯಿಸುವ ಕಣಕ್ಕೆ ಖೇಣಿದಾರರನ್ನೂ ಕೇಳಿಯೇ ಹೋಗಬೇಕು. ಬಿಳಿ ಬಟ್ಟೆ ತೊಡಬೇಡಿ, ಚೊಗರಿನ ಕಲೆ ಒಗೆದರೂ ಹೋಗುವುದಿಲ್ಲ. ಸುಲಿಯುವ ಹೆಂಗಸರ ಬಳಿ ಐದು ನಿಮಿಷ ಕುಳಿತು, ‘ಅಕ್ಕಾ, ಇದು ಹೇಗೆ?’ ಎಂದು ಕೇಳಿದರೆ ಯಾವ ಪುಸ್ತಕವೂ ಹೇಳದಷ್ಟನ್ನು ಹೇಳುತ್ತಾರೆ.

ಸಂಜೆ ನಾಲ್ಕರ ಸುಮಾರಿಗೆ ಸೂಳೆಕೆರೆಯ ಏರಿಯ ಮೇಲಿರುವಂತೆ ನೋಡಿಕೊಳ್ಳಿ. ಹನ್ನೆರಡನೆಯ ಶತಮಾನದ್ದೆಂದು ಹೇಳುವ ಈ ಕೆರೆ ಸುಮಾರು 6,500 ಎಕರೆ ಹರಡಿಕೊಂಡಿದ್ದರೂ ಇದರ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆ ನುಸುಳುವ ಇಕ್ಕಟ್ಟನ್ನು ಗುರುತಿಸಿ, ಅಷ್ಟನ್ನೇ ಮುಚ್ಚಿ ಸಮುದ್ರದಂಥ ನೀರನ್ನು ನಿಲ್ಲಿಸಿದವರ ಜಾಣ್ಮೆ ಏರಿಯ ಮೇಲೆ ನಿಂತಾಗಲೇ ಅರ್ಥವಾಗುವುದು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ತೂಬುಗಳಿಂದ ಕೆಳಗಿನ ಗದ್ದೆ ತೋಟಗಳಿಗೆ ನೀರು ಹೋಗುತ್ತದೆ. ಚಿತ್ರದುರ್ಗ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಹರಿದಿದೆ. ಇಂದು ಶಾಂತಿಸಾಗರವೆಂದು ಕರೆದರೂ ಹಳೆಯ ಹೆಸರನ್ನು ಕೇಳಿ ಮುಖ ತಿರುಗಿಸಬಾರದು. ಕೆರೆ ಕಟ್ಟಿಸಲು ಹೊರಟ ಶಾಂತವ್ವನಿಗೆ ನೆಲ ಬಿಟ್ಟುಕೊಟ್ಟ ಸೂಳೆಯರು, ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿಕೊಂಡರೆಂದು ಜನಪದರು ಹೇಳುತ್ತಾರೆ. ಊರಿಗೆ ನೀರು ಬರಲೆಂದು ನೆಲೆ ಕಳೆದುಕೊಂಡವರ ಹೆಸರು ಅದು.

ನೀರಿಗೆ ಇಳಿಯುವ ಸಾಹಸ ಬೇಡ. ಮರುದಿನವೂ ಬಿಡುವಿದ್ದರೆ ಹರಿದ್ರೆಯ ಜಾಡನ್ನೇ ಹಿಡಿದು ಹರಿಹರಕ್ಕೆ ಹೋಗಿ. ಈ ಹೊಳೆ ತುಂಗಭದ್ರೆಯನ್ನು ಸೇರುವ ಆ ಊರಿನಲ್ಲಿ, ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ.