ಉಡಾಕ ಇರೋದು ಒಂದ ಮೈ

2022ರ ದೀಪಾವಳಿಗೆ ಮುಂಚೆ ಬೀರು ಒರೆಸೋಣವೆಂದು ಸೀರೆಗಳನ್ನೆಲ್ಲ ಹೊರಗೆ ತೆಗೆದೆ. ಮಂಚ ತುಂಬಿತು, ದಿವಾನ ತುಂಬಿತು, ಕೊನೆಗೆ ನೆಲಕ್ಕೆ ಚಾಪೆ ಹಾಸಬೇಕಾಯಿತು. ಬಾಗಲಕೋಟೆ ಕಡೆಯ ನಮ್ಮೂರಿಂದ ಬಂದಿದ್ದ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಎಷ್ಟ ಸೀರಿ ತಗೊಂತಿ ಯವ್ವಾ? ಉಡಾಕ ಇರೋದು ಒಂದ ಮೈ" ಅಂದಳು. ಬೈಯುವ ದನಿಯಲ್ಲಿ ಅಲ್ಲ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಆವತ್ತು ಕೂತು ಎಣಿಸಿದೆ. 137.

ನನಗೆ ಸೀರೆ ಎಂದರೆ ಪ್ರಾಣ, ಈಗಲೂ. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ; ವಾರಕ್ಕೆ ಮೂರು ದಿನವಾದರೂ ಸೀರೆಯಲ್ಲೇ ಹೋಗುತ್ತೇನೆ. ಬೇರೆ ಚಟವಿಲ್ಲ, ಚಿನ್ನದ ಆಸೆಯಿಲ್ಲ, ದುಡಿದದ್ದರಲ್ಲಿ ಒಂದಿಷ್ಟು ಸೀರೆಗೆ ಹೋದರೆ ತಪ್ಪೇನು ಎಂದುಕೊಂಡೇ ಏಳು ವರ್ಷ ಕಳೆದಿದ್ದೆ. ಆದರೆ ಪಾರ್ಸೆಲ್ಲುಗಳನ್ನು ಮನೆಯ ಬದಲು ಬ್ಯಾಂಕಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದೆ. ತಪ್ಪಿಲ್ಲ ಎನ್ನುವವಳು ಹಾಗೇಕೆ ಮಾಡುತ್ತಿದ್ದೆ ಎಂಬ ಪ್ರಶ್ನೆಯನ್ನು ನಾನೇ ಕೇಳಿಕೊಂಡದ್ದು ಆ ದೀಪಾವಳಿಯ ರಾತ್ರಿ.

ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಗೆರೆ ಎಳೆದೆ. ಸೀರೆ, ಕೊಂಡ ವರ್ಷ, ಬೆಲೆ, ಮೇಲಿನ ಖರ್ಚು, ಎಷ್ಟು ಸಲ ಉಟ್ಟೆ. ಬೆಲೆಗಳು ನೆನಪಿರಲಿಲ್ಲ, ಫೋನಿನಲ್ಲಿದ್ದ ಬ್ಯಾಂಕಿನ ಮೆಸೇಜುಗಳು, ಹಳೆಯ ಬಿಲ್ಲು, ಮದುವೆಮನೆಯ ಫೋಟೊಗಳು ಎಲ್ಲವನ್ನೂ ಹುಡುಕಿ ತುಂಬಿಸಲು ಮೂರು ಭಾನುವಾರ ಹಿಡಿಯಿತು. 137ರಲ್ಲಿ 18 ಉಡುಗೊರೆ, ಮಿಕ್ಕ 119 ನಾನೇ ಕೊಂಡವು. ಒಮ್ಮೆಯೂ ಉಡದವು 29. ಒಂದೇ ಸಲ ಉಟ್ಟವು 46. ಸೀರೆಗೆ ಕೊಟ್ಟ ದುಡ್ಡು ₹4,86,000.

ಮೇಲಿನ ಖರ್ಚಿನ ಕಾಲಂ ಮಾತ್ರ ನನ್ನನ್ನು ಗಾಬರಿಗೊಳಿಸಿತು. ಒಂದು ಜಾರ್ಜೆಟ್ ಸೀರೆಯ ಲೆಕ್ಕವನ್ನೇ ಹೇಳುತ್ತೇನೆ. ಬೆಲೆ ₹1,450; ಅಗ್ಗಕ್ಕೆ ಸಿಕ್ಕಿತೆಂದು ಕುಣಿದಿದ್ದೆ. ಅದಕ್ಕೆ ಫಾಲ್, ಪಿಕೊ ₹150. ಲೈನಿಂಗ್ ಹಾಕಿದ ಕುಪ್ಪಸ ₹950. ಸೆರಗಿಗೆ ಕುಚ್ಚು ₹400. ಆ ಬಣ್ಣದ ಲಂಗ ಇರಲಿಲ್ಲ, ₹300. ಅಲ್ಲಿಗೆ ₹3,250. ಉಟ್ಟದ್ದು ಒಂದೇ ಸಲ, ನವರಾತ್ರಿಯ ಬೂದು ಬಣ್ಣದ ದಿನ. ನಮ್ಮ ಕಡೆ ಆಫೀಸುಗಳಲ್ಲಿ ಒಂಬತ್ತು ದಿನ ಒಂಬತ್ತು ಬಣ್ಣ ಉಡುವ ರೂಢಿ ಬಂದಮೇಲೆ ಪ್ರತಿವರ್ಷ ಪಟ್ಟಿ ಹಿಡಿದು ಇಲ್ಲದ ಬಣ್ಣ ತುಂಬಿಸಿಕೊಳ್ಳುತ್ತಿದ್ದೆ. ಬೂದು, ನವಿಲುಹಸಿರು, ಕಿತ್ತಳೆ, ಇವು ಮೂರೂ ಹಾಗೆ ಬಂದವು. ಒಂದೂ ನನಗೆ ಒಪ್ಪುವ ಬಣ್ಣವಲ್ಲ. ಇನ್ನು ಕುಪ್ಪಸಕ್ಕೆ ಆರಿ ಕಸೂತಿ ಮಾಡಿಸಿದರೆ ಸೀರೆಗಿಂತ ಕುಪ್ಪಸವೇ ದುಬಾರಿ. ರೇಷ್ಮೆಯಾದರೆ ಪ್ರತಿಸಲ ಡ್ರೈವಾಶ್, ರೋಲ್ ಪ್ರೆಸ್ ಬೇರೆ. ಇವನ್ನೆಲ್ಲ ಸೇರಿಸಿದಾಗ ಮೊತ್ತ ₹6,64,000ಕ್ಕೆ ಏರಿತು. ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತೆ.

ಬೇರೆಯವರು ಈ ಲೆಕ್ಕ ಬರೆಯುವುದಾದರೆ ನಾನು ಹೇಳುವುದು ಇಷ್ಟೆ: ಬೆಲೆಗಿಂತ ಮೊದಲು ವರ್ಷ ಮತ್ತು ತಿಂಗಳು ಬರೆಯಿರಿ. ನನ್ನ ಪುಸ್ತಕದಲ್ಲಿ ಸೀರೆಗಳು ಗುಂಪುಗುಂಪಾಗಿ ಬಂದಿದ್ದವು. ಯುಗಾದಿ, ವರಮಹಾಲಕ್ಷ್ಮಿ, ದಸರೆ ಸರಿಯೇ. ಆದರೆ ದೊಡ್ಡ ಗುಂಪು 2018ರ ಬೇಸಿಗೆಯಲ್ಲಿತ್ತು, ವರ್ಗಾವಣೆಯಾಗಿ ಹೊಸ ಶಾಖೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದ ತಿಂಗಳುಗಳು. ಇನ್ನೊಂದು ಗುಂಪು ಲಾಕ್‌ಡೌನಿನದು. ರಾತ್ರಿ ಒಂಬತ್ತೂವರೆಗೆ ಫೋನಿನಲ್ಲಿ ಸೀರೆ ತೋರಿಸಿ ಮಾರುವವರ ಲೈವ್ ಶುರುವಾಗುತ್ತಿತ್ತು. "ಒಂದೇ ಪೀಸ್ ಇದೆ ಅಕ್ಕಾ" ಎಂದಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲರಿಗಿಂತ ಮೊದಲು ‘ಬುಕ್’ ಎಂದು ಒತ್ತಿದ ಆ ಕ್ಷಣಕ್ಕೇ ಸಂತೋಷ ಮುಗಿದುಹೋಗುತ್ತಿತ್ತು. ಬಂದ ಪಾರ್ಸೆಲ್ಲನ್ನು ನಾಲ್ಕು ದಿನ ಬಿಚ್ಚದೆ ಇಟ್ಟದ್ದೂ ಇದೆ. ಸೀರೆಯ ಮೇಲಿನ ಪ್ರೀತಿ ಬೇರೆ, ಕೊಳ್ಳುವ ಹಸಿವು ಬೇರೆ. ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಮೊದಲು ಮಾಡಿದ್ದು ಸೀರೆ ಮಾರುವ ವಾಟ್ಸಾಪ್ ಗುಂಪುಗಳಿಂದ ಹೊರಬಂದದ್ದು. ಹನ್ನೊಂದು ಗುಂಪು, ಒಂದೇ ದಿನ. ತಿಂಗಳಿಗಿಷ್ಟು ಕಟ್ಟುವ ಸೀರೆ ಚೀಟಿ ಒಂದಿತ್ತು, ಅದು ಮುಗಿಯುವವರೆಗೆ ಕಟ್ಟಿ ನಿಲ್ಲಿಸಿದೆ. ಆಮೇಲೆ ಎರಡು ಕಟ್ಟು ಹಾಕಿಕೊಂಡೆ: ಕೈಯಲ್ಲಿ ಮುಟ್ಟದ ಸೀರೆ ಕೊಳ್ಳುವುದಿಲ್ಲ, ಮನೆಯಲ್ಲಿರುವ ಕುಪ್ಪಸಕ್ಕೆ ಹೊಂದದ ಸೀರೆ ಕೊಳ್ಳುವುದಿಲ್ಲ. ಎರಡನೆಯದು ಸಣ್ಣದೆನಿಸಬಹುದು. ಆದರೆ ಮೇಲಿನ ಖರ್ಚಿನ ಬೇರು ಇರುವುದೇ ಅಲ್ಲಿ. ಖಣದ ಬಟ್ಟೆಯ ನಾಲ್ಕು ಕುಪ್ಪಸ ಹೊಲಿಸಿಟ್ಟುಕೊಂಡೆ. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣ ನಮ್ಮ ಇಳಕಲ್ ಸೀರೆಗಷ್ಟೇ ಅಲ್ಲ, ಸಾದಾ ಹತ್ತಿ ಸೀರೆಗೂ ಒಪ್ಪುತ್ತದೆ. ನವರಾತ್ರಿಗೆ ಶಾಖೆಯ ಐದು ಜನ ಹೆಂಗಸರು ಸೀರೆ ಬದಲಾಯಿಸಿಕೊಳ್ಳಲು ಶುರುಮಾಡಿದೆವು. ನನ್ನ ಬೂದು ಬಣ್ಣದ್ದು ಈಗ ಆರು ಸಲ ಉಟ್ಟಾಗಿದೆ, ಬೇರೆ ಬೇರೆ ಮೈ ಮೇಲೆ.

ಬಟ್ಟೆಯನ್ನು ತಿಳಿದುಕೊಳ್ಳಲು ಹೊರಟದ್ದಕ್ಕೆ ಕಾರಣ ಒಂದು ಮೋಸ. 2019ರಲ್ಲಿ ಒಂದು ಪ್ರದರ್ಶನ ಮಾರಾಟದಲ್ಲಿ ‘ಅಪ್ಪಟ ರೇಷ್ಮೆ’ ಎಂದು ₹9,500 ಕೊಟ್ಟು ತಂದ ಸೀರೆ ಪಟ್ಟಿಯಲ್ಲಿತ್ತು. ಉಟ್ಟರೆ ಬೆವರು ಹೀರುತ್ತಿರಲಿಲ್ಲ. ಸೆರಗಿನ ತುದಿಯಿಂದ ಉದ್ದದ ಒಂದು ಎಳೆ, ಅಂದರೆ ಹಾಸು, ಅಡ್ಡದ ಒಂದು ಎಳೆ, ಅಂದರೆ ಹೊಕ್ಕು, ಎಳೆದು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿದೆ. ಹಾಸಿನ ಎಳೆ ಕೂದಲು ಸುಟ್ಟ ವಾಸನೆ ಬೀರಿತು, ಬೂದಿ ಬೆರಳಿಗೆ ಪುಡಿಯಾಯಿತು. ಹೊಕ್ಕಿನ ಎಳೆ ಮುದುಡಿ, ಕರಗಿ, ಗಟ್ಟಿ ಮಣಿಯಂತಾಯಿತು. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್. ಒಂದೇ ಎಳೆ ಸುಟ್ಟಿದ್ದರೆ ಅಪ್ಪಟ ರೇಷ್ಮೆ ಎಂದೇ ನಂಬಿರುತ್ತಿದ್ದೆ. ಅದಕ್ಕೇ ಹಾಸು ಹೊಕ್ಕು ಎರಡನ್ನೂ ನೋಡಬೇಕು. ಅಂಗಡಿಯಲ್ಲಿ ಎಳೆ ಸುಡಲಾಗದು, ಅಲ್ಲಿ ಅಪ್ಪಟ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ಕೇಳುತ್ತೇನೆ.

ಕೈಮಗ್ಗವೆಂದರೆ ಶುದ್ಧ, ಯಂತ್ರಮಗ್ಗವೆಂದರೆ ಕೀಳು ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಮೊದಲ ಸಂಬಳದಲ್ಲಿ ಕೊಂಡ ನನ್ನ ಮೈಸೂರು ಸಿಲ್ಕ್ ಯಂತ್ರಮಗ್ಗದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ಆ ರೇಷ್ಮೆ ಕಾರ್ಖಾನೆಗೆ ಮಗ್ಗಗಳು ಬಂದದ್ದೇ ಸ್ವಿಟ್ಜರ್ಲೆಂಡಿನಿಂದ. ಅಲ್ಲಿನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ, ಪ್ರತಿ ಸೀರೆಗೂ ತನ್ನದೇ ಸಂಖ್ಯೆ. ಕೀಳು ಯಾವುದೆಂದರೆ, ಒಂದರ ಹೆಸರಲ್ಲಿ ಇನ್ನೊಂದನ್ನು ಮಾರುವುದು. ಇಳಕಲ್ ಸೀರೆಗೆ ಆಗಿರುವ ಅನ್ಯಾಯ ಅದೇ.

ಅದನ್ನು ಕಣ್ಣಾರೆ ತಿಳಿದದ್ದು 2023ರ ಜನವರಿಯಲ್ಲಿ, ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ. ಹುಟ್ಟಿದ್ದು ಅದೇ ಜಿಲ್ಲೆಯಲ್ಲಾದರೂ ಮಗ್ಗದ ಪಕ್ಕ ಕೂತದ್ದು ಅದೇ ಮೊದಲು. ಇಳಕಲ್ ಸೀರೆಯ ಒಡಲಿಗೇ ಬೇರೆ ಹಾಸು, ಕೆಂಪು ಸೆರಗಿಗೇ ಬೇರೆ ರೇಷ್ಮೆಯ ಹಾಸು. ಆ ಎರಡು ಹಾಸುಗಳನ್ನು ಕೂಡಿಸಬೇಕು. ಮನೆಯ ಹಿರಿಯ ಹೆಂಗಸು ಕಾಲು ಚಾಚಿ ಕೂತು ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆ ತೂರಿಸಿ, ಎಳೆದು, ಮುಂದಿನದಕ್ಕೆ ಹೋಗುತ್ತಿದ್ದರು. ಕೊಂಡಿಗೆ ಕೊಂಡಿ. ಮಾತಾಡುತ್ತಲೇ ಇದ್ದರು, ಕಣ್ಣು ಮಾತ್ರ ಎಳೆ ಬಿಟ್ಟು ಕದಲಲಿಲ್ಲ. ಹೀಗೆ ಸಾವಿರಾರು ಎಳೆ, ಒಂದೇ ಒಂದು ಸೀರೆಗೆ. ಇದನ್ನು ಟೋಪ್ ತೆನಿ ಎನ್ನುತ್ತಾರೆ. ಹತ್ತಾರು ಸೀರೆಗೆ ಉದ್ದಕ್ಕೂ ಒಂದೇ ಹಾಸು ಹಾಕಿ ನೇಯುತ್ತ ಹೋಗಲು ಬರುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧಮಾಡಿ ಹೊಸದಾಗಿ ಜೋಡಿಸಬೇಕು. ಹಾಗಾಗಿ ಅಸಲಿ ಸೀರೆಯಲ್ಲಿ ಒಡಲಿನ ಬಣ್ಣದ ಎಳೆ ಸೆರಗಿಗೆ ದಾಟುವುದಿಲ್ಲ, ಕೆಂಪು ಕೆಂಪಾಗಿಯೇ ಇರುತ್ತದೆ. ಒಡಲು ಸೆರಗು ಕೂಡುವ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರೆ ಕೊಂಡಿಗಳ ಸಾಲು ಸಣ್ಣಗೆ ತಾಕುತ್ತದೆ. ಒಂದೇ ಹಾಸಿನ ನಕಲಿ ಸೀರೆಯಲ್ಲಿ ಆ ಗೆರೆಯೇ ಇಲ್ಲ; ಬೆಳಕಿಗೆ ಹಿಡಿದರೆ ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣ ಬೆರೆತಿರುತ್ತದೆ.

ಮನೆಗೆ ಬಂದು ನನ್ನ ಒಂಬತ್ತು ಇಳಕಲ್ ಸೀರೆಗಳ ಮೇಲೆ ಬೆರಳಾಡಿಸಿದೆ. ಗೆರೆ ಸಿಕ್ಕಿದ್ದು ಎರಡರಲ್ಲಿ. ಎರಡೂ ಅವ್ವ ಕೊಟ್ಟವು.

ಆ ದಿನದಿಂದ ಕೊಳ್ಳುವ ಹಸಿವು ಕಡಿಮೆಯಾಯಿತು. ಹಟ ಹಿಡಿದು ತಡೆದದ್ದಲ್ಲ. ಕೊಂಡಿ ಹಾಕುವ ಆ ಬೆರಳು ನೋಡಿದಮೇಲೆ ಫೋನಿನ ಪರದೆಯಲ್ಲಿ ಸರಿದುಹೋಗುವ ಸೀರೆ ನನಗೆ ಸೀರೆಯಾಗಿ ಕಾಣಲಿಲ್ಲ. ಬ್ಯಾಂಕಿನಲ್ಲಿ ತಿಂಗಳಿಗೆ ₹2,000 ಕಟ್ಟುವ ಆರ್‌ಡಿ ಠೇವಣಿ ಮಾಡಿಸಿದೆ. ವರ್ಷಕ್ಕೊಮ್ಮೆ ಅದರ ದುಡ್ಡಿನಲ್ಲಿ ಒಂದು ಸೀರೆ, ನೇಕಾರರ ಬಳಿಯೇ ಹೋಗಿ, ಬಣ್ಣ ಹೇಳಿ, ಕಾದು ತರುವುದು. ಮೊದಲ ಆರು ತಿಂಗಳು ಕಷ್ಟವೇ ಆಯಿತು. ಎರಡು ಸಲ ಕಟ್ಟು ಮುರಿದೆ. ಅವೂ ಪುಸ್ತಕದಲ್ಲಿ ದಾಖಲಾಗಿವೆ, ಕೆಂಪು ಶಾಯಿಯಲ್ಲಿ.

ಇದ್ದವುಗಳಲ್ಲಿ 71 ಕೊಟ್ಟೆ. ಅಕ್ಕನ ಮಕ್ಕಳಿಗೆ, ನಾದಿನಿಯರಿಗೆ, ನಮ್ಮ ಶಾಖೆಯಲ್ಲಿ ಕಸ ಗುಡಿಸುವಾಕೆಯ ಮಗಳ ಮದುವೆಗೆ. ಕೊಡುವಾಗ ಕುಪ್ಪಸ ಬಿಚ್ಚಿ ಹಿಗ್ಗಿಸಿಕೊಳ್ಳಲು ಬಟ್ಟೆ ಇದೆಯೇ ಎಂದು ನೋಡಿ ಜೊತೆಗೇ ಕೊಟ್ಟೆ. ಒಂದು ಮೊಳಕಾಲ್ಮೂರು ಸೀರೆಯನ್ನು ಆತುರದಲ್ಲಿ ಕೊಟ್ಟೆನೆಂಬ ಸಂಕಟ ಈಗಲೂ ಇದೆ.

ಉಳಿದವುಗಳನ್ನು ಕಾಪಾಡುವುದನ್ನು ಕಲಿತದ್ದು ತಡವಾಗಿ. ನಾಲ್ಕು ವರ್ಷ ಒಂದೇ ಮಡಿಕೆಯಲ್ಲಿದ್ದ ಮದುವೆಯ ರೇಷ್ಮೆ ಸೀರೆಯೊಂದು ಮಡಿಕೆಯ ಗೆರೆಯಲ್ಲೇ ಬಿರಿದಿತ್ತು. ಜರಿ ಇರುವ ಕಡೆ ಮಡಿಕೆ ಬಿದ್ದರೆ ಹಾಗೇ ಆಗುವುದು. ಈಗ ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಮಡಿಕೆ ಹಾಕುತ್ತೇನೆ. ಅಪ್ಪನ ಹಳೆಯ ಪಂಚೆಗಳನ್ನು ಹರಿದು ಒಂದೊಂದು ಸೀರೆಗೆ ಒಂದೊಂದು ತುಂಡು ಸುತ್ತಿದ್ದೇನೆ. ಪ್ಲಾಸ್ಟಿಕ್ ಕವರು ಒಂದೂ ಇಲ್ಲ. ನುಸಿಗುಳಿಗೆ ಜರಿಗೆ ತಾಕಬಾರದೆಂದು ಬೇವಿನ ಒಣಎಲೆಯನ್ನೇ ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ. ಈ ಕೆಲಸಕ್ಕೆ ಒಂದು ಇಡೀ ಭಾನುವಾರ ಹೋಗುತ್ತದೆ, ಮತ್ತು ಹಿಂದೆ ಲೈವ್ ನೋಡುತ್ತ ಕಳೆದ ಯಾವ ರಾತ್ರಿಗಿಂತಲೂ ಅದು ನನಗೆ ಹೆಚ್ಚು ಖುಷಿ ಕೊಡುತ್ತದೆ.

ಹೋದ ವರ್ಷದ ಸೀರೆ ಹೇಳಿ ನೇಯಿಸಿದ್ದು, ಕಡುನೀಲಿ ಒಡಲು, ಗೋಮಿ ಎಂಬ ವಿನ್ಯಾಸದ ದಡಿ (ಅಂಚು), ₹6,500. ತಂದಕೂಡಲೇ ಅವ್ವನ ಮಡಿಲಿಗಿಟ್ಟೆ. ಬೆಲೆ ಕೇಳಲಿಲ್ಲ. ಸೆರಗು ಬಿಚ್ಚಿ, ಕೂಡುವ ಗೆರೆ ಹುಡುಕಿ, ಹೆಬ್ಬೆರಳು ಒತ್ತಿ ಈ ತುದಿಯಿಂದ ಆ ತುದಿಯವರೆಗೆ ಒಯ್ದಳು. "ಜೋಡಣಿ ಛಲೋ ಬಂದೈತಿ" ಎಂದಳು. ಒಳಗೆ ಹೋಗಿ ಅದನ್ನೇ ಉಟ್ಟುಕೊಂಡು ಬಂದು, ಬಸವಣ್ಣನ ಗುಡಿಗೆ ಹೋಗಿಬರುತ್ತೇನೆಂದು ಹೊರಟಳು. ಆ ರಾತ್ರಿ ಪುಸ್ತಕ ತೆಗೆದು, ‘ಎಷ್ಟು ಸಲ’ ಎಂಬಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಅವ್ವ ಎಂದು ಬರೆದೆ.